ಪಾವಟಿಗಿ ಬುಡದ ಖೋಲಿ

ಬೆಂಗಳೂರಿನಾಗ ಮನಿ ಕಟ್ಟುವ ಕೆಲಸಕ್ಕೆ ಯಾದಗಿರಿ, ಶಹಾಪುರ, ಸುರಪುರದಿಂದ ಗುಳೆ ಹೋಗಿಬಂದ ನಮಗೆ ಒಂದು ಸಂಗತಿ ಛಲೋ ಗೊತ್ತದ. ಅಲ್ಲಿ ಪಾವಟಿಗಿ ಬುಡದ ಜಾಗ ಯಾರಿಗೆ ಸೇರಬೇಕು ಎಂಬುದು ನಕ್ಷೆ ಬರೆಯುವಾಗಲೇ ತೀರ್ಮಾನವಾಗಿರುತ್ತದೆ. ಪಾವಟಿಗಿ ಮನೆಯೊಳಗಿದ್ದರೆ ಅದರ ಬುಡಕ್ಕೆ ಸಣ್ಣ ಖೋಲಿ ಮಾಡಿ, ಒಂದು ಕಮೋಡು, ಕೈ ತೊಳೆಯಲಿಕ್ಕೆ ಒಂದು ಬೇಸಿನ್ನು, ಗೋಡೆಗೊಂದು ಕನ್ನಡಿ ಇಟ್ಟು ಅದಕ್ಕೆ 'ಪೌಡರ್ ರೂಮ್' ಎಂದು ಹೆಸರಿಡುತ್ತಾರೆ. ಸ್ನಾನಕ್ಕೆ ಅಲ್ಲಿ ಜಾಗವಿರುವುದಿಲ್ಲ. ಅದು ಬಂದುಹೋಗುವ ಅತಿಥಿಗಳದು. ಪಾವಟಿಗಿ ಮನೆಯ ಹೊರಗಿದ್ದರೆ ಖೋಲಿ ಅಷ್ಟೇ ದೊಡ್ಡದು, ಆದರೆ ಕನ್ನಡಿ ಇರುವುದಿಲ್ಲ, ಲೈಟು ಕೆಲವು ಕಡೆ ಇರುವುದಿಲ್ಲ, ಬಾಗಿಲು ತಗಡಿನದು. ಅದು ಕೆಲಸದಾಕಿಗೆ, ಡ್ರೈವರಿಗೆ, ವಾಚ್‌ಮನ್ನಿಗೆ. ಒಳಗೆ ನಾಲ್ಕು ಸಂಡಾಸ ಇದ್ದರೂ ಆಕೆ ಹೊರಗಿನ ಪಾವಟಿಗಿ ಬುಡಕ್ಕೇ ಹೋಗಬೇಕು. ಒಳಗಿನ ನಾಲ್ಕನ್ನೂ ತಿಕ್ಕುವಾಕಿ ಮಾತ್ರ ಆಕಿನೇ.

ಇಂಥ ಎರಡೂ ಬಗೆಯ ಖೋಲಿಗಳನ್ನು ನಾವು ಕಟ್ಟಿದ್ದೇವೆ. ಎಷ್ಟು ಎಂದು ಲೆಕ್ಕ ಇಟ್ಟಿಲ್ಲ. ನಾವು ಅಂದರೆ ಮೂವರು ಅಣ್ಣತಮ್ಮಂದಿರು, ಇಬ್ಬರು ಹೆಣ್ಣುಮಕ್ಕಳು, ಮತ್ತು ನಮ್ಮ ಕೇರಿಯಿಂದ ಅದೇ ರೈಲು ಹತ್ತಿದ ಇನ್ನೂ ಬಾಳ ಮಂದಿ. ಯಾದಗಿರಿ ಸ್ಟೇಷನ್ನಿನಾಗ ರಾತ್ರಿ ರೈಲಿಗೆ ಕಾಯುವವರ ಗಂಟುಮೂಟೆ ನೋಡಿದರೆ ಯಾವ ಊರಿನ ಯಾವ ಕೇರಿ ಖಾಲಿಯಾಯಿತು ಎಂದು ಹೇಳಬಹುದು. ಕಟ್ಟಡ ಏಳುವತನಕ ನಾವು ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತೇವೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಾಗ ಶೌಚಾಲಯ ಕೊಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಕಾಯ್ದೆ ಪುಸ್ತಕದಾಗ ಇತ್ತು. ನಾವು ದುಡಿದ ಒಂದು ಕಡೆ ಅರವತ್ತು ಮಂದಿಗೆ ಗೋಣಿತಾಟು ಕಟ್ಟಿದ ಎರಡು ಗುಂಡಿ ಇದ್ದವು. ಇನ್ನೊಂದು ಕಡೆ ಅದೂ ಇರಲಿಲ್ಲ, ಪಕ್ಕದ ಖಾಲಿ ಸೈಟೇ ಗತಿ. ಖೋಲಿಗೆ ಟೈಲ್ಸ್ ಹಚ್ಚಿ, ಕಮೋಡು ಕೂಡಿಸಿ, ನೀರು ಬಿಟ್ಟು ನೋಡಿದ ದಿನದಿಂದ ಆ ಬಾಗಿಲಿಗೆ ಕೀಲಿ ಬೀಳುತ್ತದೆ. ಕೂಡಿಸಿದವನಿಗೇ ಕೂಡುವ ಹಕ್ಕಿಲ್ಲ.

ಈಗ ಊರ ಕಡೆಯ ಮಾತು.

ನಮ್ಮ ಊರು ಶಹಾಪುರ ಮತ್ತು ಸುರಪುರದ ನಡುವೆ ಬರುತ್ತದೆ. ಹೆಸರು ಬರೆಯುವ ಅಗತ್ಯ ಇಲ್ಲ, ಈ ಕಡೆಯ ಯಾವ ಊರಿನ ಕೇರಿಗೆ ಹೋದರೂ ಇದೇ ಕಥಿ. ಗೋಡೆಗೆ ಗೋಡೆ ಹತ್ತಿದ ಮನೆಗಳು. ಎರಡು ಮನೆಗಳ ನಡುವೆ ಒಂದು ಎಮ್ಮಿ ತಿರುಗುವಷ್ಟು ಓಣಿ. ಹಿತ್ತಲ ಅನ್ನುವ ಶಬ್ದ ನಮ್ಮ ಕೇರಿಯವರ ಬಾಯಾಗ ಇಲ್ಲ, ಯಾಕಂದರ ಹಿತ್ತಲೇ ಇಲ್ಲ. ಬಚ್ಚಲ ಅಂದರೆ ಬಾಗಿಲ ಮಗ್ಗಲಿಗೆ ಒಂದು ಫರ್ಸಿ ಕಲ್ಲು, ಅದಕ್ಕೆ ಹಳೇ ಸೀರೆಯ ಮರೆ. ಸಂಡಾಸ ಅಂದರೆ ಬೈಲು. "ಚರಗಿ ತಗೊಂಡು ಹೋಗಿಬರ್ತೀನಿ" ಅಂದರೆ ತಿಳಕೋಬೇಕು.

ಈ ಬೈಲಿನ ಬಗ್ಗೆ ಪಟ್ಟಣದ ಮಂದಿಗೆ ಒಂದು ತಪ್ಪು ತಿಳುವಳಿಕೆ ಅದ. ಹಳ್ಳಿಯಾಗ ಬೇಕಾದಷ್ಟು ಜಾಗ ಇರ್ತದ, ಅದಕ್ಕೇ ಮಂದಿ ಹೊರಗ ಹೋಗ್ತಾರ ಅಂತ ಅವರು ಅಂದುಕೊಂಡಾರ. ಬೈಲು ಯಾರದು? ನಮ್ಮ ಅವ್ವನ ಕಾಲದಾಗ ಊರ ಸುತ್ತ ಬೀಳು ಇತ್ತು, ಒಣ ಬ್ಯಾಸಾಯದ ಹೊಲ ಇದ್ದವು, ಜೋಳ ಕೊಯ್ದ ಮೇಲೆ ಆರು ತಿಂಗಳು ಖಾಲಿ ಬೀಳುತ್ತಿದ್ದವು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಕೃಷ್ಣೆಯ ನೀರು ಬಂತು ಅಂತ ಎಲ್ಲರೂ ಸಂತೋಷಪಟ್ಟರು, ನಾವೂ ಪಟ್ಟೆವು. ಭತ್ತ ನಾಟಿಗೆ, ಹತ್ತಿ ಬಿಡಿಸಲಿಕ್ಕೆ, ಮೆಣಸಿನಕಾಯಿ ಹರಿಯಲಿಕ್ಕೆ ಕೂಲಿ ಸಿಕ್ಕಿತು. ಆದರೆ ನೀರಾವರಿ ಆದ ಹೊಲ ಖಾಲಿ ಬೀಳುವುದಿಲ್ಲ. ಬದುವಿನ ಮೇಲೆ ಕೂತರೆ ಮಾಲಕ ಕಲ್ಲು ಒಗೆಯುತ್ತಾನೆ. ಹಗಲೆಲ್ಲಾ ಆ ಹೊಲದಾಗ ಬಗ್ಗಿ ನಾಟಿ ಮಾಡಿದಾಕಿ ಸಂಜಿಗೆ ಅದೇ ಹೊಲದ ಬದುವಿಗೆ ಹೋದರೆ 'ಹೊಲಸು ಮಾಡ್ತಾಳ' ಅನ್ನಿಸಿಕೊಳ್ಳಬೇಕು. ನೀರು ಬಂದು ನಮ್ಮ ಹೆಂಗಸರ ಬೈಲು ಹೋಯಿತು ಎಂದು ಯಾವ ನೀರಾವರಿ ಇಲಾಖೆಯ ವರದಿಯೂ ಬರೆದದ್ದನ್ನು ನಾವು ಕೇಳಿಲ್ಲ.

ಉಳಿದದ್ದು ರಸ್ತಿ ಮಗ್ಗಲಿನ ಜಾಲಿ ಕಂಟಿ. ಮುಂಜಾನೆ ನಾಲ್ಕಕ್ಕೆ ಅಥವಾ ಸಂಜಿ ಕತ್ತಲಾದ ಮೇಲೆ ಹೆಂಗಸರು ಗುಂಪಾಗಿ ಹೋಗುತ್ತಾರೆ. ಟ್ರ್ಯಾಕ್ಟರಿನ ಲೈಟು ಬಿದ್ದರೆ ಎಲ್ಲರೂ ಒಮ್ಮೆಗೇ ಎದ್ದು ನಿಲ್ಲಬೇಕು, ಅದು ದಾಟಿದ ಮೇಲೆ ಕೂಡಬೇಕು, ಮತ್ತೊಂದು ಬಂದರೆ ಮತ್ತೆ ಏಳಬೇಕು. ಓದುಗ ಗೆಳೆಯರೆ, ಶಹಾಪುರದಿಂದ ಸುರಪುರಕ್ಕೆ ರಾತ್ರಿ ಬಸ್ಸಿನಾಗ ಹೋಗುವಾಗ ಕಿಡಕಿಯಿಂದ ನೀವೂ ನೋಡಿರಬಹುದು, ಆ ನೆರಳುಗಳು ಸಾಲಾಗಿ ಎದ್ದು ನಿಲ್ಲುವುದನ್ನು. ನಮ್ಮ ವೈನಿ ಹೇಳುತ್ತಾಳೆ: "ಸಂಜಿ ಆರಕ್ಕ ನೀರು ಕುಡಿಯೋದು ಬಿಡ್ತಿದ್ದೆವು. ರೊಟ್ಟಿನೂ ಒಂದೇ. ರಾತ್ರಿ ನಡುವ ಬಂತಂದ್ರ ಯಾರನ್ನ ಎಬ್ಬಸಬೇಕು?" ಬಸುರಿ ಹೆಂಗಸರು ನೀರು ಕುಡಿಯುವುದನ್ನು ಬಿಟ್ಟರೆ ಏನಾಗುತ್ತದೆ ಎಂದು ಆಸ್ಪತ್ರೆಯ ಗೋಡೆಗೆ ಬರೆದಿರುತ್ತಾರೆ. ಅದನ್ನು ಬರೆದವರ ಮನೆಯಾಗ ಸಂಡಾಸ ಇದ್ದಿರಬೇಕು.

ಅವ್ವನ ಮೊಣಕಾಲು ಹೋದದ್ದು 2015ರ ಸುಮಾರಿಗೆ. ಜಾಲಿ ಕಂಟಿಯತನಕ ನಡೆಯಲಾರದವಳಾದಳು. ಆಗ ನಮ್ಮ ಮನೆಯಾಗ ಸಂಡಾಸದ ಮಾತು ಎದ್ದಿತು.

ಸ್ವಚ್ಛ ಭಾರತ ಅಂತ 2014ರ ಅಕ್ಟೋಬರ್ 2ಕ್ಕೆ ಶುರುವಾದ ಯೋಜನೆಯಲ್ಲಿ ಒಂದು ಕುಟುಂಬಕ್ಕೆ 12,000 ರೂಪಾಯಿ ಕೊಡುತ್ತಿದ್ದರು. ನಮ್ಮ ರಾಜ್ಯದಾಗ ಪರಿಶಿಷ್ಟರಿಗೆ 15,000 ಮಾಡಿದರು. ರೊಕ್ಕ ಬಂತು ಸರಿ, ಜಾಗ ಎಲ್ಲಿಂದ ತರಬೇಕು? ಯೋಜನೆಯ ಚಿತ್ರದಾಗ ಸಂಡಾಸ ಅಂದರೆ ಮನೆಯಿಂದ ದೂರ, ಗಿಡದ ನೆರಳಿಗೆ, ಬಣ್ಣ ಹಚ್ಚಿದ ಒಂದು ಗೂಡು. ಆ ಚಿತ್ರ ಬರೆದವರು ಹಿತ್ತಲ ಇದ್ದವರು. ಕೇರಿಯಾಗ ಮೂರು ಬಗೆ ಆಯಿತು. ಕೆಲವರು ಓಣಿಯಾಗೇ ಗೂಡು ಎಬ್ಬಿಸಿದರು, ಈಗ ಆ ಓಣಿಯಾಗ ಹೆಣ ಹೊರಲಿಕ್ಕೆ ಬರುವುದಿಲ್ಲ. ಕೆಲವರು ಗುಂಡಿ ತೋಡದೆ ನಾಲ್ಕು ಗೋಡೆ ಕಟ್ಟಿ ಫೋಟೊ ಹೊಡೆಸಿಕೊಂಡರು, ಅವುಗಳಾಗ ಈಗ ಕುಳ್ಳು, ಕಟ್ಟಿಗೆ, ಕೋಳಿ ಇವೆ. ಬಾಳ ಮಂದಿ ಏನೂ ಮಾಡಲಿಲ್ಲ. 2019ರ ಅಕ್ಟೋಬರ್ 2ಕ್ಕೆ ದೇಶವೇ ಬೈಲು ಶೌಚದಿಂದ ಮುಕ್ತವಾಯಿತೆಂದು ಸಾರಿದರು. ಅವತ್ತು ಸಂಜಿಗೂ ಜಾಲಿ ಕಂಟಿ ಹತ್ತಿರ ಟ್ರ್ಯಾಕ್ಟರಿನ ಲೈಟು ಬಿದ್ದಿತು.

ನಮ್ಮ ಮನೆಗೆ ಒಂದು ಅನುಕೂಲ ಇತ್ತು, ಪಾವಟಿಗಿ. 2012ರಲ್ಲಿ ಬೆಂಗಳೂರಿನ ದುಡ್ಡಿನಾಗ ಹಳೇ ಮಣ್ಣಿನ ಮಾಳಿಗಿ ತೆಗೆದು ಸ್ಲ್ಯಾಬ್ ಹಾಕಿಸಿದ್ದೆವು. ನಮ್ಮ ಕಡೆಯ ಬ್ಯಾಸಗಿಯಾಗ ಸ್ಲ್ಯಾಬಿನ ಒಳಗೆ ಮಲಗಲಿಕ್ಕಾಗುವುದಿಲ್ಲ, ಮಾಳಿಗಿ ಮ್ಯಾಲೇ ಮಲಗಬೇಕು. ಅದಕ್ಕೆ ಗೋಡೆಗೆ ಹತ್ತಿಸಿ ಹೊರಗೊಂದು ಪಾವಟಿಗಿ ಮಾಡಿದ್ದೆವು. ಹದಿನೇಳು ಮೆಟ್ಲು, ಒಂದೊಂದು ಏಳು ಇಂಚು ಎತ್ತರ, ಹತ್ತು ಇಂಚು ಅಗಲ. ಬುಡದಾಗ ಎರಡು ಆಡು ಕಟ್ಟುತ್ತಿದ್ದೆವು.

ಬೆಂಗಳೂರಿನಾಗ ಮಾಡಿದ ಲೆಕ್ಕವನ್ನೇ ಇಲ್ಲಿ ಹಾಕಿದೆವು. ಎಂಟನೇ ಮೆಟ್ಲಿನ ಕೆಳಗೆ ನಾಲ್ಕು ಫೂಟು ಎತ್ತರ ಸಿಗುತ್ತದೆ, ಕೂತವನ ತಲಿಗೆ ಅದು ಸಾಕು. ಹನ್ನೊಂದು ಹನ್ನೆರಡನೇ ಮೆಟ್ಲಿಗೆ ಆರು ಫೂಟು, ನಿಂತವನಿಗೆ ಸಾಕು. ಎಂಟರಿಂದ ಕೊನೆಯತನಕ ಅಳೆದರೆ ಏಳೂವರೆ ಫೂಟು ಉದ್ದ. ಅಗಲ ಪಾವಟಿಗಿಯಷ್ಟೇ, ಮೂರು ಫೂಟು. ಬಾಗಿಲು ಎತ್ತರದ ಕಡೆಗೆ ಇಡಬೇಕು, ಬೇಸಿನ್ನು ತಗ್ಗಿನ ಕಡೆಗೆ ಕೂಡಿಸಬೇಕು, ಕೂಡುವಾಗ ಮುಖ ಬಾಗಿಲ ಕಡೆ ಬರಬೇಕು. ಯಾಕಂದರೆ ಮನುಷ್ಯ ಎದ್ದೇಳುವಾಗ ತಲಿ ಮುಂದಕ್ಕೆ ಬರುತ್ತದೆ. ಮುಂದಿನ ಕಡೆ ಎತ್ತರ ಇದ್ದರೆ ಬಡಿಯುವುದಿಲ್ಲ. ಇದನ್ನು ಉಲ್ಟಾ ಮಾಡಿದ ಖೋಲಿಗಳನ್ನು ಬೇಕಾದಷ್ಟು ನೋಡಿದ್ದೇವೆ. ಕೆಲಸದವರ ಖೋಲಿ ಆದರೆ ಯಾರ ತಲಿ ಬಡಿದರೇನು ಎಂದು ನಕ್ಷೆ ಬರೆದವನು ಬಿಟ್ಟಿರುತ್ತಾನೆ. ಅವ್ವನಿಗೆ ಹಿಡಕೊಂಡು ಏಳಲಿಕ್ಕೆ ಗೋಡೆಗೆ ಒಂದು ಕಬ್ಬಿಣದ ಪೈಪು ಹಾಕಿದೆವು. ಬಾಗಿಲ ಹತ್ತಿರ ಒಂದು ನಳ, ಅದರ ಕೆಳಗೆ ಕೈ ತೊಳೆಯಲಿಕ್ಕೆ ಒಂದು ಫರ್ಸಿ ಕಲ್ಲು. ಮೇಲೆ ಗಾಳಿಗೆ ಜಾಳಿಗಿ. ಕನ್ನಡಿಯನ್ನೂ ಹಾಕಿದೆವು, ಬೇಕಂತಲೇ.

ಬೇಸಿನ್ನು ಪಟ್ಟಣದ್ದನ್ನು ತರಲಿಲ್ಲ. ಹಳ್ಳಿಗಂತ ಮಾಡಿದ ಬೇಸಿನ್ನು ಇರುತ್ತದೆ, ಅದರ ಇಳಿಜಾರು ಕಡಿದು, ಬುಡದ ಬಾಗಿನಲ್ಲಿ ಎರಡು ಸೆಂಟಿಮೀಟರ್ ನೀರು ನಿಲ್ಲುತ್ತದೆ, ವಾಸನಿ ತಡೆಯಲಿಕ್ಕೆ ಅಷ್ಟು ಸಾಕು. ಎರಡು ಲೀಟರ್ ನೀರು ಸುರಿದರೆ ಎಲ್ಲಾ ಹೋಗುತ್ತದೆ. ಪಟ್ಟಣದ ಕಮೋಡು ಒಮ್ಮೆಗೆ ಒಂದು ಕೊಡ ನೀರು ನುಂಗುತ್ತದೆ; ಆ ಕೊಡ ಹೊರುವಾಕಿ ಹೆಂಗಸು. ಈ ವಿಷಯ ಮನೆಯ ಹೆಣ್ಣುಮಕ್ಕಳನ್ನು ಕೇಳಿಯೇ ತೀರ್ಮಾನ ಮಾಡಿದ್ದು.

ಊರಾಗಿನ ಒಬ್ಬ ಗೌಂಡಿ ಬಂದು ನೋಡಿ, "ವಾಸ್ತು ಪ್ರಕಾರ ಪಾವಟಿಗಿ ಬುಡಕ ಸಂಡಾಸ ಬರಬಾರ್ದು, ಮನಿಗಿ ದಟ್ಟದರಿದ್ರ ಹತ್ತತದ" ಅಂದ. ಅವ್ವ ಕೇಳಿದಳು: "ನಮ್ಮ ಕೇರಿನ್ನ ಊರ ಹೊರಗ ಇಟ್ಟರಲ್ಲ, ಅದು ಯಾವ ವಾಸ್ತುನಪ್ಪ? ಇದ್ದ ದರಿದ್ರ ಎಲ್ಲಿಂದ ಹತ್ತಿತು?" ಅವನು ನಕ್ಕು ಚಹಾ ಕುಡಿದು ಹೋದ. ಪಂಚಾಯ್ತಿಯಿಂದ ಬಂದವನೊಬ್ಬ, ಪ್ರತ್ಯೇಕ ಗೂಡು ಇಲ್ಲದ್ದಕ್ಕೆ ಇದು ಫೋಟೊದಾಗ ಶೌಚಾಲಯದಂಗ ಕಾಣುವುದಿಲ್ಲ ಅಂತ ರೊಕ್ಕ ನಿಲ್ಲಿಸಿದ. ಗೋಡೆಗೆ ದೊಡ್ಡ ಅಕ್ಷರದಾಗ 'ಶೌಚಾಲಯ' ಎಂದು ಬರೆಸಿ, ಅವ್ವನನ್ನು ಮುಂದೆ ನಿಲ್ಲಿಸಿ ಇನ್ನೊಮ್ಮೆ ಫೋಟೊ ಹೊಡೆಸಿದ ಮೇಲೆ ಎಂಟು ತಿಂಗಳಿಗೆ ಬಂತು.

ಖೋಲಿ ಹದಿನೈದು ದಿನದ ಕೆಲಸ. ಜಗಳ ಹತ್ತಿದ್ದು ಗುಂಡಿಗೆ.

ಸರಕಾರದ ಪುಸ್ತಕದಾಗ ಎರಡು ಗುಂಡಿ ಅಂತ ಅದ. ಒಂದೊಂದು ಒಂದು ಮೀಟರ್ ಅಗಲ, ಸುಮಾರು ಅಷ್ಟೇ ಆಳ. ಇಟ್ಟಂಗಿಗಳ ನಡುವೆ ಸಂದು ಬಿಟ್ಟು ಜೇನುಗೂಡಿನಂಗ ಕಟ್ಟಬೇಕು, ನೀರು ಮಣ್ಣಿಗೆ ಇಂಗತದ, ಗಾಳಿಯೂ ಮಣ್ಣೇ ಹೀರತದ, ಅದಕ್ಕೆ ಮೇಲೆ ಪೈಪು ನಿಲ್ಲಿಸುವ ಕಾರಣ ಇಲ್ಲ. ಒಂದು ಗುಂಡಿ ತುಂಬಲಿಕ್ಕೆ ಐದಾರು ಮಂದಿಯ ಮನೆಗೆ ಸುಮಾರು ಮೂರು ವರ್ಷ ಬೇಕು. ತುಂಬಿದ ಮೇಲೆ ಅದನ್ನು ಮುಚ್ಚಿ ಎರಡನೇದಕ್ಕೆ ದಾರಿ ತಿರುಗಿಸಬೇಕು. ಮುಚ್ಚಿದ್ದು ಎರಡು ವರ್ಷ ಬಿಟ್ಟರೆ ರೋಗದ ಹುಳ ಸತ್ತು ಒಣ ಗೊಬ್ಬರ ಆಗತದ, ವಾಸನಿ ಇಲ್ಲ, ಸಲಿಕಿಯಿಂದ ತೆಗೆಯಬಹುದು. ನಮ್ಮದು ಎರಿ ಭೂಮಿ, ಮಳೆಗಾಲಕ್ಕೆ ಉಬ್ಬತದ, ನೀರು ಲಗೂನ ಹೀರುವುದಿಲ್ಲ. ಅದಕ್ಕೆ ಗುಂಡಿಯ ಸುತ್ತ ಒಂದು ಫೂಟು ಉಸುಕು ತುಂಬಬೇಕು. ಎರಡು ಗುಂಡಿಗೆ ಜಾಗ ಇಲ್ಲದ ಕಡೆ ಒಂದೇ ಚೌಕ ಗುಂಡಿ ಮಾಡಿ, ನಡುವೆ ಸಂದಿಲ್ಲದ ಗೋಡೆ ಎಬ್ಬಿಸಿ, ಆ ಗೋಡೆಯನ್ನು ಗುಂಡಿಯ ತಳಕ್ಕಿಂತ ಮುಕ್ಕಾಲು ಫೂಟು ಕೆಳಗೆ ಇಳಿಸಿ, ಎರಡೂ ಕಡೆ ಗಿಲಾವು ಮಾಡಿದರೆ ನಡೆಯತದ. ನಮ್ಮ ಮನೆಮುಂದಿನ ಕಟ್ಟೆ ಒಡೆದು ಅದರ ಕೆಳಗೆ, ಬುನಾದಿಯಿಂದ ಸರಿಸಿ, ಹಿಂಗೇ ಮಾಡುವುದು ಅಂತ ನಾವು ಹೇಳಿದೆವು.

ಕಾಕಾ ಒಪ್ಪಲಿಲ್ಲ. ಸಿಮೆಂಟಿನ ರಿಂಗ್ ತಂದು ಹದಿನೈದು ಫೂಟು ಇಳಿಸರಿ, ನಮ್ಮ ಜೀವಮಾನ ತುಂಬಬಾರದು ಅಂದ. ಊರ ಮೇಲಿನವರು ಎಲ್ಲರೂ ಹಂಗೇ ಇಳಿಸಿದ್ದರು. ಕಾರಣ ಕೇಳಿದರೆ ಹೇಳಿದ: "ತುಂಬಿದ ಮ್ಯಾಲ ಯಾರು ತಗೀತಾರ? ನಾವು ಸತ್ತ ದನ ಎಳದೀವಿ, ತೊಗಲು ಹದ ಮಾಡೀವಿ, ಹಲಗಿ ಬಡದೀವಿ. ಆದ್ರ ಇದನ್ನ ಮುಟ್ಟಿಲ್ಲ. ಇದು ಭಂಗಿಗಳ ಕೆಲಸ."

ಗೆಳೆಯರೆ, ಈ ಮಾತನ್ನು ಮರೆಮಾಚದೆ ಬರೆಯಬೇಕೆಂದೇ ಈ ಲೇಖನ ಬರೆಯುತ್ತಿದ್ದೇವೆ. ಮೇಲಿನವರು ನಮ್ಮ ಬಗ್ಗೆ ಏನು ಹೇಳುತ್ತಾರೋ ಅದನ್ನೇ ನಮ್ಮ ಕಾಕಾ ಇನ್ನೊಬ್ಬರ ಬಗ್ಗೆ ಹೇಳಿದ. ಜಾತಿ ಅಂದರೆ ಕೆಲಸ ಹಂಚಿದ್ದಲ್ಲ, ಕೆಲಸಗಾರರನ್ನೇ ಒಬ್ಬರ ಮೇಲೊಬ್ಬರಂತೆ ಹಂಚಿಟ್ಟದ್ದು ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಆ ಮೆಟ್ಲುಗಳ ಕಟ್ಟಕಡೆಯ ಬುಡದಲ್ಲಿ ಯಾರನ್ನೋ ನಿಲ್ಲಿಸಿದರೆ ತಾನೊಂದು ಮೆಟ್ಲು ಮೇಲಿದ್ದೇನೆ ಎಂಬ ಸಮಾಧಾನ ಎಲ್ಲರಿಗೂ ಸಿಗುತ್ತದೆ. ಹಳೇ ಪಟ್ಟಣಗಳ ವಾಡೆಗಳಲ್ಲಿ ಎತ್ತರದ ಕಲ್ಲಿನ ಮೇಲೆ ಮನೆಯವರು ಕೂಡುತ್ತಿದ್ದರು, ಕೆಳಗೆ ಬುಟ್ಟಿ, ಹಿಂದಿನ ಗಲ್ಲಿಗೆ ತೆರೆಯುವ ಒಂದು ಸಣ್ಣ ಕಿಂಡಿ. ಆ ಕಿಂಡಿಯೊಳಗೆ ಕೈ ಹಾಕಿದವರ ಮುಖ ಮನೆಯವರು ನೋಡುವ ಪ್ರಸಂಗವೇ ಬರಬಾರದೆಂದು ಕಟ್ಟಡವನ್ನೇ ಹಾಗೆ ಕಟ್ಟಿದ್ದರು. ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಸಾಹೇಬ ಕಟ್ಟಿಸಿದ ಮಂಜಿಲ್ ನೋಡಲಿಕ್ಕೆ ಶಾಲಿ ಮಕ್ಕಳನ್ನು ಕರಕೊಂಡು ಹೋಗುತ್ತಾರೆ. ಅಲ್ಲಿಂದ ಊರು ಚೆಂದ ಕಾಣುತ್ತದೆ. ಆ ಗುಡ್ಡ ಹತ್ತಿಳಿದು ಸಾಹೇಬನ ಮನೆಯ ಹೊಲಸು ಹೊತ್ತವರು ಯಾರು ಎಂದು ಮಾಸ್ತರರು ಒಮ್ಮೆ ಮಕ್ಕಳಿಗೆ ಕೇಳಿ ನೋಡಬೇಕು.

ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಬೇಕೆಂದು ನಮ್ಮ ರಾಜ್ಯದಾಗ ಹೊರಟವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು, 1970ರ ದಶಕದ ಮೊದಲಿಗೆ. ಅದೇ ಮನುಷ್ಯನನ್ನು 1973ರ ನವೆಂಬರಿನ 'ಬೂಸಾ' ಮಾತಿಗೆ ಬೀದಿಬೀದಿಯಲ್ಲಿ ಬೈದರು. ದೇಶಕ್ಕೆ ಕಾಯ್ದೆ ಬಂದದ್ದು 1993ಕ್ಕೆ. ಅದು ಸಾಲದೆಂದು 2013ರಲ್ಲಿ ಇನ್ನೊಂದು. ಈ ನಡುವೆ 2010ರ ಜುಲೈನಾಗ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ವಾಸದ ಜಾಗ ಬಿಡಿಸಬಾರದೆಂದು ನಡುಬೀದಿಯಲ್ಲಿ ಮಲ ಮೈಮೇಲೆ ಸುರಿದುಕೊಂಡರು. 2014ರಲ್ಲಿ ಸುಪ್ರೀಂ ಕೋರ್ಟು ಚರಂಡಿಯಾಗ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂದಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲಿ ಏರಿತು, ಇಳಿಯುವವರ ಜಾತಿ ಬದಲಾಗಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಲಶುದ್ಧಿ ತೊಟ್ಟಿಗೆ ಇಳಿದು ಸತ್ತವರ ಸುದ್ದಿ ಓದಿದಾಗೆಲ್ಲಾ ನಾವು ಮೊದಲು ಅವರ ಊರು ಯಾವುದು ಅಂತ ನೋಡುತ್ತೇವೆ.

ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಎಂಬ ಇಬ್ಬರು 2017ರಲ್ಲಿ ಬರೆದ ಪುಸ್ತಕವೊಂದು ಉತ್ತರ ಭಾರತದ ಹಳ್ಳಿಗಳನ್ನು ಸುತ್ತಿ ಇದನ್ನೇ ಹೇಳುತ್ತದೆ. ಮಂದಿ ಸಣ್ಣ ಗುಂಡಿಯ ಸಂಡಾಸ ಬೇಡ ಅನ್ನುವುದಕ್ಕೆ ಬಡತನ, ನೀರಿನ ಕೊರತಿ ಕಾರಣವಲ್ಲ, ಗುಂಡಿ ಖಾಲಿ ಮಾಡುವ ಕೆಲಸಕ್ಕೆ ಜಾತಿ ಹತ್ತಿಕೊಂಡಿರುವುದೇ ಕಾರಣ ಎಂದು. ಅದಕ್ಕೆ ಅಷ್ಟು ದೂರ ಹೋಗುವುದು ಬೇಕಿರಲಿಲ್ಲ, ನಮ್ಮ ಕಾಕಾನ ಹತ್ತಿರ ಬಂದಿದ್ದರೆ ಸಾಕಿತ್ತು.

ಹದಿನೈದು ಫೂಟು ಇಳಿಸಿದ ಗುಂಡಿ ತುಂಬುವುದೇ ಇಲ್ಲ ಅಂತಲ್ಲ. ಮಕ್ಕಳ ಕಾಲಕ್ಕೆ ತುಂಬುತ್ತದೆ, ಹಸಿಯಾಗೇ ಇರುತ್ತದೆ, ಉಸಿರು ಕಟ್ಟಿಸುವ ಗಾಳಿ ತುಂಬಿರುತ್ತದೆ. ಆವಾಗ ಯಾರನ್ನೋ ಹುಡುಕಬೇಕು, ಅವನಿಗೆ ಕುಡಿಸಬೇಕು, ಹಗ್ಗ ಕಟ್ಟಿ ಇಳಿಸಬೇಕು. ಒಂದು ಮೀಟರಿನ ಗುಂಡಿಗೆ ಯಾರೂ ಇಳಿಯುವುದು ಬೇಡ, ಮೇಲೆ ನಿಂತು ತೆಗೆಯಬಹುದು. ಈ ಮಾತು ಹೇಳಿ ಹೇಳಿ ಎರಡು ತಿಂಗಳು ಹೋಯಿತು. ಕೊನಿಗೆ ಕಾಕಾ ಸುಮ್ಮನಾದದ್ದು ನಮ್ಮ ವಾದಕ್ಕಲ್ಲ. ಅವ್ವ ಅಂದಳು: "ನೀನು ಸಣ್ಣಾವಿದ್ದಾಗ ನಿಂದು ನಾನೇ ಬಳದೀನಿ. ನನ್ನ ಕೈಗಿ ಯಾವ ಜಾತಿ ಬಂತು?"

2017ರ ಮುಂಗಾರಿಗೆ ಮೊದಲೇ ಕೆಲಸ ಮುಗಿಯಿತು. ಗುಂಡಿಯ ಮೇಲೆ ದಪ್ಪ ಫರ್ಸಿ ಮುಚ್ಚಿದೆವು. ಮೊದಲಿನಂಗೇ ಸಂಜಿಗೆ ಅದರ ಮೇಲೆ ಕೂತು ಹರಟೆ ಹೊಡೆಯುತ್ತೇವೆ. ಮೊದಮೊದಲು ಅಲ್ಲಿ ಕೂಡಲಿಕ್ಕೆ ಒಲ್ಲೆ ಅಂದವರೂ ಈಗ ಅಲ್ಲೇ ಎಲಿ ಅಡಿಕಿ ಹಾಕುತ್ತಾರೆ. ಒಂದು ಅರ್ಧ 2021ರ ಮೊದಲಿಗೆ ತುಂಬಿತು, ನಮ್ಮ ಮನೆಯಾಗ ಏಳು ಮಂದಿ. ದಾರಿ ತಿರುಗಿಸಿ ಮುಚ್ಚಿದೆವು. 2023ರ ಬ್ಯಾಸಗಿಗೆ, ಬೆಂಗಳೂರಿನಿಂದ ಮೂವರೂ ಬಂದಾಗ, ಫರ್ಸಿ ಎತ್ತಿದೆವು. ಓಣಿಯ ಹುಡುಗರು ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಒಳಗೆ ಇದ್ದದ್ದು ಕಪ್ಪು ಪುಡಿ ಮಣ್ಣು. ನಾವೇ ಸಲಿಕಿ ಹಿಡಿದು ತೆಗೆದೆವು, ಎಂಟು ಹತ್ತು ಬುಟ್ಟಿ ಆಯಿತು. ಹುಡುಗರು ಒಬ್ಬೊಬ್ಬರೇ ಹತ್ತಿರ ಬಂದರು. ಕಾಕಾ ಒಂದು ಹಿಡಿ ತಗೊಂಡು ಮೂಸಿ ನೋಡಿ, "ಎರಿ ಮಣ್ಣಿಗಿಂತ ಹಗುರ ಅದ" ಅಂದ.

ಈಗ ಅದನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಎದ್ದಿತು. ನಮಗೆ ಹೊಲ ಇಲ್ಲ. ಗೊಬ್ಬರ ಮಾಡುವುದನ್ನು ಹೇಳಿಕೊಟ್ಟ ಪುಸ್ತಕದಾಗ ಹೊಲ ಇಲ್ಲದವರು ಏನು ಮಾಡಬೇಕೆಂದು ಬರೆದಿಲ್ಲ. ನೀರಾವರಿ ಹೊಲದ ಮಾಲಕನೊಬ್ಬ ಕೇಳಿದ, ಕೊಡಲಿಲ್ಲ. ಶಾಲಿಯ ಕಂಪೌಂಡಿನಾಗ ಮಾಸ್ತರರು ಬೇವಿನ ಸಸಿ ಹಚ್ಚಿಸಿದ್ದರು, ಅವಕ್ಕೆ ಆರು ಬುಟ್ಟಿ ಹೋಯಿತು. ಉಳಿದದ್ದನ್ನು ವೈನಿ ಪಾವಟಿಗಿ ಮಗ್ಗಲಿಗೆ ಹಾಕಿ ಹೀರಿಕಾಯಿ ಬಳ್ಳಿ ಹಚ್ಚಿದಳು. ಅದು ಖೋಲಿಯ ಜಾಳಿಗಿ ದಾಟಿ ಮಾಳಿಗಿಗೆ ಹತ್ತಿತು.

ಕೇರಿಯಾಗ ಸ್ಲ್ಯಾಬ್ ಹಾಕಿದ ಮನೆಗಳು ಈಗ ಹನ್ನೊಂದು ಇವೆ. ಅದರಾಗ ಪಾವಟಿಗಿ ಇದ್ದವು ಏಳು. ನಾಲ್ಕು ಮನೆಯವರು ದಾರ ತಗೊಂಡು ಬಂದು ಅಳತಿ ಒಯ್ದಾರ. ಮೂರು ಮನಿಯವರು ಇನ್ನೂ ಹದಿನೈದು ಫೂಟಿನ ಮಾತೇ ಆಡತಾರ. ಅವರ ಮನಿಗಿ ಕಾಕಾ ಹೋಗಿಬರುತ್ತಿದ್ದಾನೆ.